ಐವತ್ತು ರೂಪಾಯಿಗೆ ಯಾರ ಮನೆ ಬಾಗಿಲು?

ದಿಢೀರನೆ ಐವತ್ತು ರೂಪಾಯಿ ಬೇಕಾಯಿತು, ನಾಳೆ ವಾಪಸು ಕೊಡುತ್ತೀರಿ. ಊರಲ್ಲಿ ಯಾರನ್ನು ಕೇಳುತ್ತೀರಿ? ಸೀಮೆಎಣ್ಣೆಯೋ ಅಕ್ಕಿಯೋ ಮುಗಿದುಹೋಯಿತು. ಯಾರ ಮನೆಗೆ ಹೋಗುತ್ತೀರಿ? ಮನೆಯಲ್ಲಿ ಒಬ್ಬರೇ ಇದ್ದಾಗ ಮೈ ಕೆಟ್ಟರೆ ಆಸ್ಪತ್ರೆಗೆ ಕರೆದೊಯ್ಯಲು ಯಾರನ್ನು ಕೂಗುತ್ತೀರಿ? ದೇವಸ್ಥಾನಕ್ಕೋ ಮಸೀದಿಗೋ ಯಾರ ಜೊತೆ ಹೋಗುತ್ತೀರಿ?

ಕೇಳಿದರೆ ಜಗಲಿ ಮೇಲಿನ ಹರಟೆ ಅನ್ನಿಸುತ್ತದೆ. ಆದರೆ ಜಗತ್ತಿನ ಅರ್ಥಶಾಸ್ತ್ರ ವಿಭಾಗಗಳಲ್ಲಿ ಇವತ್ತಿಗೂ ಪಾಠವಾಗುತ್ತಿರುವ ಒಂದು ಮಹಾ ಅಧ್ಯಯನ ಹುಟ್ಟಿದ್ದು ಈ ಪ್ರಶ್ನೆಗಳಿಂದ, ಅದೂ ನಮ್ಮ ಪಕ್ಕದಲ್ಲೇ! 2006ರಲ್ಲಿ, ಬೆಂಗಳೂರಿನಿಂದ ಎರಡು-ಮೂರು ಗಂಟೆಯ ಹಾದಿಯೊಳಗಿನ 75 ಹಳ್ಳಿಗಳಲ್ಲಿ, ಇಂಥ ಹನ್ನೆರಡು ಬಗೆಯ ನಂಟುಗಳನ್ನು ಮನೆಗಳಿಗೆ ಹೋಗಿ ಕೇಳಿ ಬರೆದುಕೊಂಡರು. ಕೇಳಿಸಿದವರು ಅಭಿಜಿತ್ ಬ್ಯಾನರ್ಜಿ ಮತ್ತು ಎಸ್ತರ್ ಡುಫ್ಲೊ. ಹೌದು, 2019ರಲ್ಲಿ ನೊಬೆಲ್ ಪಡೆದ ಅದೇ ದಂಪತಿ. ಜೊತೆಗೆ ಈಗ ಸ್ಟ್ಯಾನ್‌ಫರ್ಡ್‌ನಲ್ಲಿರುವ ಅರುಣ್ ಚಂದ್ರಶೇಖರ್ ಮತ್ತು ಮ್ಯಾಥ್ಯೂ ಜಾಕ್ಸನ್.

ಊರುಗಳ ಹೆಸರನ್ನು ಅವರು ಬಿಟ್ಟುಕೊಟ್ಟಿಲ್ಲ. ಕಡತದಲ್ಲಿ ಬರೀ ನಂಬರು. 1ರಿಂದ 77ರವರೆಗೆ ಇದೆ, ನಡುವೆ 13 ಮತ್ತು 22 ಇಲ್ಲ, ಒಟ್ಟು 75. ಒಂದೊಂದು ಊರಿನ ನಂಟಿನ ಪಟ ತೆರೆದರೆ ಮೈ ಜುಮ್ಮೆನ್ನುತ್ತದೆ. ಚುಕ್ಕಿಯೆಂದರೆ ಮನೆ, ಗೆರೆಯೆಂದರೆ ಕೊಡು-ಕೊಳ್ಳುವಿಕೆ. ಊರಿನ ಮಧ್ಯದಲ್ಲಿ ಗೆರೆಗಳು ಹೆಣೆದು ಕಪ್ಪಗಾಗಿವೆ. ಅಂಚಿನಲ್ಲಿ ಒಂದೇ ಗೆರೆಗೆ ಜೋತುಬಿದ್ದ ಮನೆಗಳು. ಯಾರಿಗೂ ಅಂಟದೆ ಒಂಟಿಯಾಗಿ ನಿಂತ ಚುಕ್ಕಿಗಳೂ ಇವೆ. ಜಾತಿಯ ಪ್ರಕಾರ ಬಣ್ಣ ಹಚ್ಚಿದರೆ ಕೇರಿಗಳು ತಾವಾಗಿಯೇ ಬೇರೆ ಬೇರೆ ಗೊಂಚಲಾಗಿ ಎದ್ದು ಕಾಣುತ್ತವೆ. ಊರಿನ ಭೂಪಟವನ್ನು ಯಾರೂ ಕೊಡದೆಯೂ ಇದು ಯಾವ ನಾಡಿನ ಹಳ್ಳಿ ಎಂದು ಹೇಳಿಬಿಡಬಹುದು.

ಆದರೆ ಪಟ ಬರೆಯುವುದೇ ಅವರ ಉದ್ದೇಶವಾಗಿರಲಿಲ್ಲ. ಜಾಣತನವೆಲ್ಲ ಇರುವುದು ಪಟ ಬರೆದ ಹೊತ್ತಿನಲ್ಲಿ. ಭಾರತ ಸ್ವಮುಕ್ತಿ ಸಂಸ್ಥೆ ಎಂಬ ಮೈಕ್ರೋಫೈನಾನ್ಸ್ ಸಂಸ್ಥೆ ಈ 75 ಊರುಗಳಿಗೆ ಸಾಲ ಹಂಚಲು ಹೊರಟಿತ್ತು, ಇನ್ನೂ ಕಾಲಿಟ್ಟಿರಲಿಲ್ಲ. ಸಾಲ ಬರುವ ಮೊದಲೇ ಯಾರಿಗೆ ಯಾರು ಎಂಬುದು ದಾಖಲಾಗಿಬಿಟ್ಟರೆ, ಸುದ್ದಿ ಯಾವ ದಾರಿಯಲ್ಲಿ ಹರಿಯಿತು ಎಂದು ಆಮೇಲೆ ಗೆರೆ ಹಿಡಿದು ಹುಡುಕಬಹುದಲ್ಲ! ಸಾಲ ಬಂದ ಮೇಲೆ ಕೇಳಿದ್ದರೆ ಎಲ್ಲವೂ ಕಲಸುಮೇಲೋಗರ. ಗೆಳೆತನದಿಂದ ಸಾಲ ಬಂತೋ, ಸಾಲದಿಂದ ಗೆಳೆತನ ಬಂತೋ, ಬ್ರಹ್ಮನಿಗೂ ಗೊತ್ತಾಗುತ್ತಿರಲಿಲ್ಲ.

ಸಾಲವೇನೋ ನಮಗೆಲ್ಲ ಗೊತ್ತಿರುವಂಥದ್ದೇ. 18ರಿಂದ 57 ವಯಸ್ಸಿನ ಹೆಂಗಸರಿಗೆ ಮಾತ್ರ, ಗುಂಪು ಜವಾಬ್ದಾರಿ, ಮೊದಲ ಸಾಲ ಸುಮಾರು 10,000 ರೂಪಾಯಿ, 50 ವಾರದ ಕಂತು. ಸಂಸ್ಥೆಯವರು ಊರಿಗೆ ಬಂದು ಮೊದಲು ಮಾತಾಡಿಸುತ್ತಿದ್ದುದು ಕೆಲವರನ್ನೇ. ಮೇಷ್ಟ್ರು, ಅಂಗಡಿಯವರು, ಸ್ವಸಹಾಯ ಸಂಘದ ಮುಂದಾಳುಗಳು. ಎಲ್ಲ ಊರಲ್ಲೂ ಇದೇ ಪಟ್ಟಿ. ಆದರೆ ಎಲ್ಲ ಊರಲ್ಲೂ ಮೇಷ್ಟ್ರು ಒಂದೇ ಥರ ಇರುತ್ತಾರೆಯೇ? ಒಂದು ಊರಿನ ಮೇಷ್ಟ್ರು ಸಂಜೆಯ ಬಸ್ಸಿಗೆ ಪೇಟೆಗೆ ಹೋಗಿಬಿಡುವವರು. ಇನ್ನೊಂದು ಊರಿನವರು ಎಲ್ಲರ ಮನೆಯ ತೊಟ್ಟಿಲು ಶಾಸ್ತ್ರಕ್ಕೂ ಬೇಕಾದವರು. ಸಂಶೋಧಕರಿಗೆ ಬೇಕಿದ್ದುದು ಈ ವ್ಯತ್ಯಾಸವೇ. ಯಾರೂ ಬೇಕೆಂದು ಆರಿಸದೆ, ತಾನಾಗಿ ಒದಗಿ ಬಂದ ವ್ಯತ್ಯಾಸ.

ಉತ್ತರ 2013ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೊದಲು ಸುದ್ದಿ ತಿಳಿದವರಿಗೆ ಎಷ್ಟು ಜನ ಗೆಳೆಯರಿದ್ದರು ಎಂಬ ಲೆಕ್ಕದಿಂದ ಊರಿನಲ್ಲಿ ಕೊನೆಗೆ ಎಷ್ಟು ಜನ ಸಾಲಕ್ಕೆ ಸೇರಿದರು ಎಂದು ಹೇಳಲು ಆಗಲೇ ಇಲ್ಲ. ಅವರ ಗೆಳೆಯರು ಎಂಥವರು, ಆ ಗೆಳೆಯರ ಗೆಳೆಯರು ಎಂಥವರು, ಮಾತು ಎಷ್ಟು ಮನೆ ದಾಟಿ ಹೋಗುತ್ತದೆ ಎಂದು ಲೆಕ್ಕ ಹಾಕಿದಾಗ ಮಾತ್ರ ಅಂಕಿಗಳು ಬಾಯಿಬಿಟ್ಟವು! ಹತ್ತು ಜನರ ಪರಿಚಯವಿದ್ದೂ ಆ ಹತ್ತೂ ಜನ ಕೇರಿಯ ಮೂಲೆಯಲ್ಲಿದ್ದರೆ ಸುದ್ದಿ ಅಲ್ಲೇ ಬತ್ತುತ್ತದೆ. ಪರಿಚಯ ಇಬ್ಬರದೇ ಇರಲಿ, ಆ ಇಬ್ಬರು ಡೇರಿಯ ಹತ್ತಿರ ನಿಂತು ನೂರು ಜನರನ್ನು ಮಾತಾಡಿಸುವವರಾದರೆ ಸುದ್ದಿ ಊರನ್ನು ಸುತ್ತಿ ಬರುತ್ತದೆ. ಗೂಗಲ್ ತನ್ನ ಹುಡುಕಾಟದಲ್ಲಿ ಯಾವ ಪುಟ ಮೇಲೆ ಬರಬೇಕೆಂದು ನಿರ್ಧರಿಸಿದ್ದೂ ಇದೇ ಕುಲದ ಗಣಿತದಿಂದ. ಆ ಗಣಿತಕ್ಕೆ ಐವತ್ತು ರೂಪಾಯಿ ಕೈಸಾಲದ ಮಾಹಿತಿಯನ್ನು ಉಣಿಸಬಹುದು ಎಂದು ಹೊಳೆದದ್ದು ನನ್ನ ಮಟ್ಟಿಗೆ ಈ ಶತಮಾನದ ಸೊಗಸಾದ ಹೊಳಹುಗಳಲ್ಲಿ ಒಂದು.

ಮತ್ತೊಂದು ಶೋಧ ಇನ್ನೂ ವಿಚಿತ್ರ. ಸಾಲಕ್ಕೆ ಸೇರಿದವಳು ಪಕ್ಕದ ಮನೆಗೆ ಸುದ್ದಿ ಹೇಳುವ ಸಂಭವ, ಸೇರದವಳಿಗಿಂತ ಏಳು ಪಟ್ಟು ಹೆಚ್ಚು. ಸಹಜವೇ, ಗುಂಪಿಗೆ ಜನ ಬೇಕಲ್ಲ. ಆದರೆ ಕೊನೆಗೆ ಸೇರಿದವರಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಸೇರಲು ಕಾರಣವಾದ ಸುದ್ದಿ ಬಂದದ್ದು ತಾವು ಸಾಲ ತೆಗೆದುಕೊಳ್ಳದವರಿಂದ! ಸೇರದವರೇ ಊರಲ್ಲಿ ಹೆಚ್ಚು ಜನ ತಾನೇ. “ನನಗಂತೂ ಬ್ಯಾಡಪ್ಪ ಆ ವಾರದ ಕಂತು” ಅಂದವಳ ಬಾಯಿಂದಲೇ ಬೇಕಾದವಳಿಗೆ ಸುದ್ದಿ ಮುಟ್ಟಿದೆ. ಇನ್ನು, ಪಕ್ಕದವಳು ತೆಗೆದುಕೊಂಡಳು ಎಂಬ ಕಾರಣಕ್ಕೆ ಇವಳೂ ತೆಗೆದುಕೊಂಡಳೇ? ಸುದ್ದಿ ತಿಳಿದ ಮೇಲೆ ಪಕ್ಕದವಳ ನಿರ್ಧಾರ ಇವಳ ನಿರ್ಧಾರವನ್ನು ಹೇಳಿಕೊಳ್ಳುವಷ್ಟು ಬದಲಿಸಿದ್ದು ಕಾಣಲಿಲ್ಲ. ಹೆಂಗಸರು ಒಬ್ಬರನ್ನು ನೋಡಿ ಒಬ್ಬರು ಸಾಲಕ್ಕೆ ಬೀಳುತ್ತಾರೆ ಎಂದು ಹಗುರವಾಗಿ ಮಾತಾಡುವ ಗಂಡಸರು ಈ ವಾಕ್ಯವನ್ನು ಇನ್ನೊಮ್ಮೆ ಓದಬೇಕು.

ಆದರೆ ಊರೂರಿಗೂ ಹೋಗಿ ಹನ್ನೆರಡು ಪ್ರಶ್ನೆ ಕೇಳಿ ಪಟ ಬರೆಯುತ್ತಾ ಕೂರಲು ಯಾರ ಹತ್ತಿರ ದುಡ್ಡಿದೆ? ಸಂಶೋಧಕರು ಒಂದು ಸೋಮಾರಿ ಉಪಾಯ ಹೂಡಿದರು. ನೇರವಾಗಿ ಊರಿನವರನ್ನೇ ಕೇಳಿದರು: ನಿಮ್ಮೂರಲ್ಲಿ ಒಂದು ನಾಟಕವನ್ನೋ ಸಂಗೀತ ಕಾರ್ಯಕ್ರಮವನ್ನೋ ಇಟ್ಟುಕೊಂಡರೆ ಎಲ್ಲರಿಗೂ ಸುದ್ದಿ ಮುಟ್ಟಿಸಲು ಯಾರಿಗೆ ಹೇಳಬೇಕು? ಜನ ಹೇಳಿದ ಹೆಸರುಗಳನ್ನು ಪಟದ ಮೇಲಿಟ್ಟು ನೋಡಿದರೆ, ಗಣಿತ ಕಷ್ಟಪಟ್ಟು ಹುಡುಕಿದ್ದ ಅದೇ ಚುಕ್ಕಿಗಳು! ಯಾವ ಹಳ್ಳಿಯವರೂ ತಮ್ಮೂರಿನ ಪೂರ್ತಿ ಪಟವನ್ನು ನೋಡಿದವರಲ್ಲ. ತನ್ನ ಗೆಳತಿಯ ಗೆಳತಿಗೆ ಯಾರು ಗೆಳತಿ ಎಂದು ಕೇಳಿದರೆ ತಡವರಿಸುತ್ತಾರೆ. ಹಾಗಿದ್ದೂ ಮಾತಿನ ಮೂಲ ಯಾರೆಂಬುದು ಎಲ್ಲರಿಗೂ ಗೊತ್ತು. ಸುದ್ದಿಗಳು ಯಾರ ಹೆಸರಿನಿಂದ ಶುರುವಾಗಿ ತಮ್ಮ ಕಿವಿಗೆ ಬೀಳುತ್ತವೆ ಎಂದು ಎಣಿಸದೆಯೇ ಎಣಿಸಿಟ್ಟುಕೊಂಡಿರುತ್ತಾರೆ.

ನಿಜವೋ ಕಾಕತಾಳೀಯವೋ ಎಂದು ಪರೀಕ್ಷಿಸಲು ಕರ್ನಾಟಕದ 213 ಹಳ್ಳಿಗಳಲ್ಲಿ ಒಂದು ಲಾಟರಿ ಹೂಡಿದರು. ಬಹುಮಾನ ಮೊಬೈಲ್ ಫೋನು, ನಗದು. ಸೇರಲು ಒಂದು ನಂಬರಿಗೆ ಕರೆ ಮಾಡಿದರೆ ಸಾಕು. ಕೆಲವು ಊರುಗಳಲ್ಲಿ ಕಣ್ಣುಮುಚ್ಚಿ ಆರಿಸಿದವರಿಗೆ ಸುದ್ದಿ ಕೊಟ್ಟರು, ಕೆಲವೆಡೆ ಊರ ಹಿರಿಯರಿಗೆ, ಇನ್ನು ಕೆಲವೆಡೆ ಜನ ಬೊಟ್ಟುಮಾಡಿದ ಮಾತುಗಾರರಿಗೆ. ಯಾವ ಊರಿಗೆ ಯಾವ ಬಗೆ ಎಂಬುದೂ ಚೀಟಿ ಎತ್ತಿದಂತೆ, ಅದೃಷ್ಟದ ಮೇಲೆ. ಫೋನುಗಳು ಹೆಚ್ಚು ಬಂದದ್ದು ಮಾತುಗಾರರ ಊರುಗಳಿಂದ. ಹಿರಿಯರು? ಗೌರವ ಇದ್ದೇ ಇದೆ, ಆದರೆ ಮಾತು ಅವರ ಜಗಲಿ ಇಳಿದು ಬಹಳ ದೂರ ನಡೆಯಲಿಲ್ಲ. ಇದೇ ಉಪಾಯವನ್ನು ಹರಿಯಾಣದ 521 ಹಳ್ಳಿಗಳಿಗೆ ಒಯ್ದರು. ಲಸಿಕೆ ಶಿಬಿರದ ಸುದ್ದಿಯನ್ನು ಜನ ಸೂಚಿಸಿದವರಿಗೆ ತಿಳಿಸಿದ ಊರುಗಳಲ್ಲಿ ತಿಂಗಳಿಗೆ ಲಸಿಕೆ ಹಾಕಿಸಿಕೊಂಡ ಮಕ್ಕಳ ಸಂಖ್ಯೆ 22% ಹೆಚ್ಚು! ನಮ್ಮ ಹಳ್ಳಿಯ ಹರಟೆಯಿಂದ ಕಲಿತ ಪಾಠ ಹರಿಯಾಣದ ಕಂದಮ್ಮಗಳ ತೋಳಿಗೆ ಲಸಿಕೆಯಾಗಿ ತಲುಪಿದೆ.

ಉಳಿತಾಯಕ್ಕೂ ಇದೇ ಜಾಡು. ಎಮಿಲಿ ಬ್ರೇಜಾ ಮತ್ತು ಅರುಣ್ ಚಂದ್ರಶೇಖರ್ ಕರ್ನಾಟಕದ 60 ಹಳ್ಳಿಗಳಲ್ಲಿ 1,300 ಜನರ ಜೊತೆ ಒಂದು ಪ್ರಯೋಗ ಮಾಡಿದರು. ಇಷ್ಟು ಉಳಿಸುತ್ತೇನೆಂದು ಪ್ರತಿಯೊಬ್ಬರೂ ತಾವೇ ಗುರಿ ಇಟ್ಟುಕೊಳ್ಳಬೇಕು. ಕೆಲವರಿಗೆ ಮಾತ್ರ ಊರಿನದೇ ಒಬ್ಬ ಸಾಕ್ಷಿ, ಅವರ ಉಳಿತಾಯ ಎಲ್ಲಿಗೆ ಬಂತೆಂದು ಆ ಸಾಕ್ಷಿಗೆ ಆಗಾಗ ತಿಳಿಸಲಾಗುತ್ತದೆ. ಅಷ್ಟೇ. ಬಡ್ಡಿ ಹೆಚ್ಚಿಲ್ಲ, ಬಹುಮಾನವಿಲ್ಲ, ಬೈಗುಳವಿಲ್ಲ. ಒಟ್ಟು ಉಳಿತಾಯ 36% ಏರಿತು! ಸಾಕ್ಷಿ ಊರಿನ ನಡುಮಧ್ಯದ ಮನುಷ್ಯನಾದಷ್ಟೂ, ಉಳಿಸುವವರ ಹತ್ತಿರದವನಾದಷ್ಟೂ ಏರಿಕೆ ಇನ್ನೂ ಹೆಚ್ಚು. ಸಾಕ್ಷಿಗಳಲ್ಲಿ 63% ಮಂದಿ ಬೇರೆಯವರಿಗೆ ಬಾಯಿಬಿಟ್ಟರು ಎಂದೂ ಲೆಕ್ಕವಿದೆ. (ಉಳಿದ 37% ಮಂದಿಯ ಮೇಲೆ ನನಗೆ ಬಹಳ ಗೌರವ.) ಪ್ರಯೋಗ ಮುಗಿದು ಹದಿನೈದು ತಿಂಗಳಾದ ಮೇಲೆ ಹೋಗಿ ವಿಚಾರಿಸಿದರೆ, ಯಾರು ಜವಾಬ್ದಾರಿಯವರು ಎಂಬ ಬಗ್ಗೆ ಊರಿನವರ ಅಭಿಪ್ರಾಯವೇ ಬದಲಾಗಿತ್ತು. ನಾಲ್ಕು ಜನರೆದುರು ಮಾನ ಉಳಿಸಿಕೊಳ್ಳುವ ಹಂಬಲಕ್ಕೆ ಬ್ಯಾಂಕಿನ ಬಡ್ಡಿಗಿಂತ ಹೆಚ್ಚಿನ ಎಳೆತವಿದೆ ಎಂದು ನಮ್ಮ ಚೀಟಿ ನಡೆಸುವವರಿಗೆ ಮೊದಲೇ ಗೊತ್ತಿತ್ತು. ಈಗ ಅದಕ್ಕೆ ಶೇಕಡಾವಾರು ಸಿಕ್ಕಿದೆ.

ಇಲ್ಲಿಯವರೆಗೆ ಎಲ್ಲ ಖುಷಿಯ ಮಾತು. ಮುಂದಿನದು ಬೇರೆ ಬಗೆಯದು.

ಭಾರತ ಸ್ವಮುಕ್ತಿ ಸಂಸ್ಥೆ 75 ಊರುಗಳಿಗೂ ಹೋಗಬೇಕಿತ್ತು. 43 ಊರುಗಳಿಗೆ ಹೋಗಿತ್ತು, ಅಷ್ಟರಲ್ಲಿ 2010ರಲ್ಲಿ ಆಂಧ್ರಪ್ರದೇಶದಲ್ಲಿ ಮೈಕ್ರೋಫೈನಾನ್ಸ್ ಬಿಕ್ಕಟ್ಟು ಸಿಡಿಯಿತು. ಸಾಲದ ಕಿರುಕುಳ, ಆತ್ಮಹತ್ಯೆಗಳ ಸುದ್ದಿ, ಅಕ್ಟೋಬರಿನಲ್ಲಿ ಅಲ್ಲಿನ ಸರ್ಕಾರದ ಸುಗ್ರೀವಾಜ್ಞೆ. ದೇಶದಾದ್ಯಂತ ಈ ವ್ಯವಹಾರಕ್ಕೆ ಬಂಡವಾಳ ಒಣಗಿತು. ಉಳಿದ 32 ಊರುಗಳಿಗೆ ಸಾಲ ಬರಲೇ ಇಲ್ಲ. ವ್ಯಾಪಾರಕ್ಕೆ ಬಿದ್ದ ಪೆಟ್ಟು ಸಂಶೋಧಕರಿಗೆ ಅದ್ಭುತ ಅವಕಾಶವಾಯಿತು. ಒಂದೇ ಸೀಮೆ, ಒಂದೇ ಮಣ್ಣು, ಎರಡೂ ಕಡೆಯ ಹಳೆಯ ಪಟ ಕೈಯಲ್ಲಿದೆ. 43 ಊರಿಗೆ ಸಾಲ ಬಂದಿದೆ, 32ಕ್ಕೆ ಬಂದಿಲ್ಲ. 2012ರಲ್ಲಿ ಮತ್ತೆ ಎಲ್ಲ ಊರುಗಳಿಗೂ ಹೋಗಿ ಅವೇ ಪ್ರಶ್ನೆಗಳನ್ನು ಕೇಳಿದರು.

ಸಾಲ ಬಂದ ಊರುಗಳಲ್ಲಿ ಗೆರೆಗಳು ಹೆಚ್ಚು ಕರಗಿದ್ದವು!

ಸಂಸ್ಥೆಯ ಸಾಲ ಸಿಕ್ಕವಳು ಪಕ್ಕದ ಮನೆಯ ಕೈಸಾಲಕ್ಕೆ ಹೋಗುವುದು ಕಡಿಮೆಯಾಯಿತು ಎಂದರೆ ಒಪ್ಪಬಹುದು. ಆದರೆ ಎಂದೂ ಸಂಸ್ಥೆಯ ಸಾಲ ತೆಗೆದುಕೊಳ್ಳದಂಥ ಎರಡು ಮನೆಗಳ ನಡುವಿನ ಗೆರೆಗಳೂ ಅಷ್ಟೇ ಪ್ರಮಾಣದಲ್ಲಿ, ಅಥವಾ ಅದಕ್ಕಿಂತ ಹೆಚ್ಚಾಗಿ ಅಳಿಸಿಹೋಗಿದ್ದವು. ಅವರಿಗೂ ಸಾಲಕ್ಕೂ ಸಂಬಂಧವೇ ಇಲ್ಲ, ಅವರ ನಂಟು ಏಕೆ ತೆಳುವಾಯಿತು? ಹೈದರಾಬಾದಿನ ಬಡಾವಣೆಗಳಲ್ಲಿ ಮೊದಲೇ ನಡೆದಿದ್ದ, ಲಾಟರಿಯಿಂದ ಬಡಾವಣೆ ಆರಿಸಿದ್ದ ಒಂದು ಮೈಕ್ರೋಫೈನಾನ್ಸ್ ಪ್ರಯೋಗದ ಮಾಹಿತಿಯನ್ನು ತೆಗೆದು ನೋಡಿದರು. ಅಲ್ಲೂ ಅದೇ. ಅರ್ಥಶಾಸ್ತ್ರದ ಹಳೆಯ ಸೂತ್ರಗಳು ಇದನ್ನು ವಿವರಿಸಲಾರದೆ ಕೈಚೆಲ್ಲಿದವು, ಹೊಸ ಸೂತ್ರವನ್ನೇ ಕಟ್ಟಬೇಕಾಯಿತು. ಅದರ ತಿರುಳು ಸರಳ. ನಂಟು ಬೆಳೆಯುವುದು ಸೇರುವ ಜಾಗದಲ್ಲಿ, ಸೇರುವ ನೆಪದಲ್ಲಿ. ಕೈಸಾಲದ ಅಗತ್ಯ ಕಡಿಮೆಯಾದ ಕೆಲವರು ಅರಳಿಕಟ್ಟೆಗೋ ಹಾಲಿನ ಡೇರಿಗೋ ಬಂದು ಮಾತಿಗೆ ನಿಲ್ಲುವುದನ್ನು ಬಿಟ್ಟರೆ, ಅಲ್ಲಿ ಉಳಿದವರಿಗೂ ನಿಲ್ಲುವ ಉತ್ಸಾಹ ಕುಗ್ಗುತ್ತದೆ. ಸಾಲ ಮುಟ್ಟದವರೂ ಒಬ್ಬರನ್ನೊಬ್ಬರು ಕಳೆದುಕೊಳ್ಳುತ್ತಾರೆ.

ಮೈಕ್ರೋಫೈನಾನ್ಸ್ ಎಂದಾಗ ನಾವು ಚರ್ಚಿಸುವುದು ಬಡ್ಡಿ, ವಸೂಲಿಯವರ ದಬ್ಬಾಳಿಕೆ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯವೂ ಅದಕ್ಕಾಗಿಯೇ ಸುಗ್ರೀವಾಜ್ಞೆ ತಂದಿತು, ತರಲೇಬೇಕಿತ್ತು. ಆದರೆ ಎಲ್ಲ ಕಂತನ್ನೂ ಹೊತ್ತಿಗೆ ಸರಿಯಾಗಿ ಕಟ್ಟಿದ ಊರಲ್ಲೂ ಒಂದು ಖರ್ಚು ಬಿದ್ದಿದೆ, ಅದು ಯಾವ ಪಾಸ್‌ಬುಕ್ಕಿನಲ್ಲೂ ಇಲ್ಲ ಎಂದು ಈ ಪಟಗಳು ಹೇಳುತ್ತಿವೆ.

ಆ ಗೆರೆಗಳು ಸುಮ್ಮನೆ ಗೆಳೆತನದವಲ್ಲ ನೋಡಿ, ಅವೇ ನಮ್ಮ ಹಳೆಯ ವಿಮೆ. ಮದುವೆ ಮನೆಯ ಮುಯ್ಯಿ ಪುಸ್ತಕವನ್ನು ತೆರೆದರೆ ಯಾರು ಎಷ್ಟು ಹಾಕಿದರು, ಯಾರಿಗೆ ಎಷ್ಟು ತಿರುಗಿಸಬೇಕು ಎಂದು ದಶಕಗಳ ಲೆಕ್ಕ ಸಿಗುತ್ತದೆ. ರಾಗಿ ಕಟಾವಿಗೆ ಮುಯ್ಯಾಳು ಹೋದವರಿಗೆ ಮುಯ್ಯಾಳೇ ವಾಪಸು. ಇಂಥ ಹೊಂದಾಣಿಕೆ ಎಷ್ಟು ಗಟ್ಟಿ ಎಂದು ಅರ್ಥಶಾಸ್ತ್ರಜ್ಞ ರಾಬರ್ಟ್ ಟೌನ್‌ಸೆಂಡ್ 1994ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಅವರು ಬಳಸಿದ್ದು ಇಕ್ರಿಸ್ಯಾಟ್ ಎಂಬ ಕೃಷಿ ಸಂಶೋಧನಾ ಸಂಸ್ಥೆ 1970ರ ದಶಕದಿಂದ ಹತ್ತು ವರ್ಷ ಹಳ್ಳಿಗಳಲ್ಲಿ ಕೂತು ಬರೆದುಕೊಂಡ ಮನೆವಾರ್ತೆಯ ಲೆಕ್ಕ. ಅದರಲ್ಲೊಂದು ಹಳ್ಳಿ ಕನ್ನಡ ಕಿವಿಗೆ ಬೀಳುವ ಸೊಲ್ಲಾಪುರ ಜಿಲ್ಲೆಯ ಶಿರಾಪುರ. ಒಬ್ಬನ ಆದಾಯ ನೆಲಕಚ್ಚಿದ ವರ್ಷವೂ ಅವನ ಮನೆಯ ಊಟ ಆ ಮಟ್ಟಕ್ಕೆ ಇಳಿಯುತ್ತಿರಲಿಲ್ಲ. ಊರಿಗೆ ಊರೇ ಹೇಗಿದೆಯೋ ಸುಮಾರಾಗಿ ಹಾಗೆ ಅವನ ಊಟ.

ಅದೇ ಮಾಹಿತಿಯಿಂದ ಮಾರ್ಕ್ ರೋಸೆನ್‌ಜ್ವೈಗ್ ಮತ್ತು ಓಡೆಡ್ ಸ್ಟಾರ್ಕ್ 1989ರಲ್ಲಿ ಹೊರತೆಗೆದ ಸಂಗತಿಯನ್ನು ಮೊದಲು ಓದಿದಾಗ ನಾನು ಪುಸ್ತಕ ಮಡಚಿಟ್ಟು ಒಂದಷ್ಟು ಹೊತ್ತು ಸುಮ್ಮನಿದ್ದೆ. ಹೆಣ್ಣುಮಕ್ಕಳನ್ನು ದೂರದೂರಿಗೆ ಕೊಡುವುದೇಕೆ? ಆದಾಯ ಹೆಚ್ಚು ಏರಿಳಿಯುವ ರೈತರ ಮನೆಯವರು ಹೆಣ್ಣನ್ನು ಹೆಚ್ಚು ದೂರಕ್ಕೆ ಕೊಟ್ಟಿದ್ದರು. ಇಲ್ಲಿ ಮಳೆ ಕೈಕೊಟ್ಟ ವರ್ಷ ಅಲ್ಲಿ ಆಗಿರಬಹುದಲ್ಲ! ದೂರದ ಬೀಗರು ಇದ್ದ ಮನೆಗಳಲ್ಲಿ ಬರದ ವರ್ಷವೂ ಊಟದ ಏರಿಳಿತ ಕಡಿಮೆಯಾಗಿತ್ತು. ಮಗಳ ಮದುವೆ ಮಳೆಯ ವಿಮೆಯೂ ಆಗಿತ್ತೆಂದು ಯಾವ ಸೋಬಾನೆ ಹಾಡುವ ಮುತ್ತೈದೆಯೂ ಬಾಯಿಬಿಟ್ಟು ಹೇಳಲಿಕ್ಕಿಲ್ಲ. ಅಂಕಿಗಳು ಹೇಳಿದವು. ಆ ಮಗಳಿಗೆ ತವರು ದೂರವಾದದ್ದಕ್ಕೆ ಎಷ್ಟು ಬೆಲೆ ಎಂದು ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಆದರೆ ಊರಿಗೆ ಊರೇ ಒಣಗಿದರೆ ಯಾರು ಯಾರಿಗೆ ಕೊಡುವುದು? ಧಾತು-ಈಶ್ವರ ಸಂವತ್ಸರಗಳ ಬರ ಮೈಸೂರು ಸೀಮೆಗೆ ಕಲಿಸಿದ್ದು ಅದನ್ನೇ. 1871ರ ಜನಗಣತಿಯಲ್ಲಿ 50 ಲಕ್ಷ ಮೀರಿದ್ದ ಸಂಸ್ಥಾನದ ಜನಸಂಖ್ಯೆ 1881ರಲ್ಲಿ ಸುಮಾರು 42 ಲಕ್ಷ. ನೆರೆಹೊರೆಯ ವಿಮೆಗೆ ಅದು ಮೀರಿದ ಮಾತು. ಆ ನೆನಪು ಇನ್ನೂ ಹಸಿಯಾಗಿದ್ದ ಸಂಸ್ಥಾನದಲ್ಲೇ ಜಗತ್ತಿಗೇ ಮೊದಲೆನ್ನಬಹುದಾದ ಒಂದು ಯೋಚನೆ ಹುಟ್ಟಿತು. ಅದು ಎಷ್ಟು ಜನರಿಗೆ ಗೊತ್ತು?

ಮೈಸೂರಿನ ಜೆ.ಎಸ್. ಚಕ್ರವರ್ತಿ ಎಂಬವರು 1920ರಲ್ಲಿ ಇಂಗ್ಲಿಷಿನಲ್ಲಿ ಕೃಷಿ ವಿಮೆಯ ಬಗ್ಗೆ ಒಂದು ಪುಸ್ತಕ ಪ್ರಕಟಿಸಿದರು. ಹೊಲಹೊಲಕ್ಕೂ ಹೋಗಿ ಬೆಳೆ ಎಷ್ಟು ಹಾಳಾಯಿತೆಂದು ನೋಡುವುದು ಈ ದೇಶದ ಸಣ್ಣ ಹಿಡುವಳಿಗಳಲ್ಲಿ ಆಗದ ಕೆಲಸ ಎಂದರು. ಹಾಗಾದರೆ ಪರಿಹಾರಕ್ಕೆ ಅಳತೆ ಯಾವುದು? ಮಳೆ! ಮಳೆಮಾಪಕದಲ್ಲಿ ಇಷ್ಟಕ್ಕಿಂತ ಕಡಿಮೆ ಬಿದ್ದರೆ ಆ ಸೀಮೆಯ ರೈತರಿಗೆಲ್ಲ ಹಣ. ಯಾರೂ ಹೊಲಕ್ಕೆ ಬರಬೇಕಿಲ್ಲ, ಯಾರ ಕೈಯನ್ನೂ ಬಿಸಿ ಮಾಡಬೇಕಿಲ್ಲ, ಬೆಳೆ ಉಳಿಸಿಕೊಂಡವನಿಗೆ ಶಿಕ್ಷೆಯೂ ಇಲ್ಲ. ಬರೀ ಆಸೆಯ ಮಾತಲ್ಲ, ಸಂಸ್ಥಾನದ ದಶಕಗಳ ಮಳೆ ದಾಖಲೆಯನ್ನು ಮುಂದಿಟ್ಟುಕೊಂಡು ಕಂತು ಎಷ್ಟು, ಪರಿಹಾರ ಎಷ್ಟು ಎಂದು ಲೆಕ್ಕ ಕಟ್ಟಿದರು. ಮಳೆ ಸೂಚ್ಯಂಕ ವಿಮೆ ಎಂದು ವಿಶ್ವಬ್ಯಾಂಕು ಹೊಸ ಕಾಲದ ಸಂಶೋಧನೆಯಾಗಿ ಕೊಂಡಾಡಿದ್ದರ ಆತ್ಮವೆಲ್ಲ ಆ ಪುಸ್ತಕದಲ್ಲಿದೆ. 1995ರಲ್ಲಿ ಪಿ.ಕೆ. ಮಿಶ್ರಾ ‘ಎಕನಾಮಿಕ್ ಅಂಡ್ ಪೊಲಿಟಿಕಲ್ ವೀಕ್ಲಿ’ಯಲ್ಲಿ ಬರೆದು ಮತ್ತೆ ನೆನಪಿಸುವವರೆಗೂ ಅದು ಮೂಲೆಗೆ ಬಿದ್ದಿತ್ತು. ನಮ್ಮ ಪಠ್ಯಪುಸ್ತಕಗಳಲ್ಲಿ ವಿಶ್ವೇಶ್ವರಯ್ಯನವರ ಪಕ್ಕದಲ್ಲಿ ಈ ಹೆಸರಿಗೆ ಒಂದು ಸಾಲಿನ ಜಾಗವೂ ಇಲ್ಲದಿರುವುದು ನನಗಂತೂ ಅನ್ಯಾಯ ಅನ್ನಿಸುತ್ತದೆ.

ಅಂಥ ವಿಮೆ ಭಾರತದಲ್ಲಿ ನಿಜವಾಗಿ ಮಾರಾಟಕ್ಕೆ ಬಂದದ್ದು 2003ರಲ್ಲಿ, ರಾಯಚೂರಿನ ಪಕ್ಕದ ಆಗಿನ ಮೆಹಬೂಬ್‌ನಗರ ಜಿಲ್ಲೆಯಲ್ಲಿ. ರೈತರು ಮುಗಿಬಿದ್ದರೆ? ಇಲ್ಲ. ಯಾಕಿಲ್ಲ ಎಂದು ತಿಳಿಯಲು ಶಾನ್ ಕೋಲ್, ಝೇವಿಯರ್ ಜೀನೆ ಮತ್ತು ಸಂಗಡಿಗರು ಆಂಧ್ರ ಮತ್ತು ಗುಜರಾತಿನಲ್ಲಿ ಮನೆಗಳನ್ನು ಚೀಟಿ ಎತ್ತಿ ಆರಿಸಿ ಪರೀಕ್ಷೆ ನಡೆಸಿದರು. ಬೆಲೆ ಇಳಿಸಿದರೆ ಕೊಳ್ಳುವವರು ಹೆಚ್ಚಿದರು, ನಿಜ. ಆದರೆ ಊರಿಗೆ ಗೊತ್ತಿದ್ದ ಸಂಸ್ಥೆಯ ವ್ಯಕ್ತಿ “ಇವರು ನಂಬಬಹುದಾದವರು” ಎಂದು ಪರಿಚಯಿಸಿದ್ದಕ್ಕೇ ಕೊಳ್ಳುವ ಸಂಭವ 40% ಏರಿತು. ಒಂದು ಪಾಲಿಸಿ ಕೊಳ್ಳುವಷ್ಟು ದುಡ್ಡು ಆ ಹೊತ್ತಿಗೆ ಅನಿರೀಕ್ಷಿತವಾಗಿ ಕೈಗೆ ಸಿಕ್ಕವರಲ್ಲಿ 150%! ಮುಂಗಾರಿನ ಹೊತ್ತಲ್ಲಿ ಬೀಜ, ಗೊಬ್ಬರಕ್ಕೇ ದುಡ್ಡಿಲ್ಲದವರ ಮುಂದೆ ವಿಮೆಯ ಅರ್ಜಿ ಹಿಡಿದು ನಿಂತು ರೈತರಿಗೆ ತಿಳಿವಳಿಕೆ ಸಾಲದು ಎನ್ನುವವರಿಗೆ ಇದಕ್ಕಿಂತ ಚೆನ್ನಾದ ಉತ್ತರ ಬೇಕೆ? ಮತ್ತೆ ನೋಡಿ, ಇಲ್ಲೂ ಬಂದು ನಿಂತದ್ದು ಗೊತ್ತಿರುವವರ ಮಾತಿನ ಹತ್ತಿರವೇ.

ಚಕ್ರವರ್ತಿಯವರ ಯೋಜನೆಗೆ ಒಂದು ತೊಡಕಿತ್ತು. ಮಳೆಮಾಪಕ ಕಸಬೆಯಲ್ಲಿ, ಹೊಲ ಹದಿನೈದು ಮೈಲಿ ಆಚೆ. ದೊಡ್ಡಬಳ್ಳಾಪುರದಲ್ಲಿ ಸುರಿದ ಮಳೆ ಸಾಸಲು ಹೋಬಳಿಯಲ್ಲಿ ಬೀಳದಿರುವುದು ನಮಗೆ ಹೊಸದೇ? ಆ ತೊಡಕಿಗೆ ಅರ್ಧ ಉತ್ತರ ಈಗ ಯಲಹಂಕದಲ್ಲಿದೆ. ಬರ ಮೇಲ್ವಿಚಾರಣೆಗೆಂದು 1988ರಲ್ಲಿ ಶುರುವಾಗಿ ಇಂದು ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾಗಿರುವ ಕಚೇರಿಗೆ ಗ್ರಾಮ ಪಂಚಾಯಿತಿಗಳ ಮಳೆಮಾಪಕಗಳಿಂದ ಹದಿನೈದು ನಿಮಿಷಕ್ಕೊಮ್ಮೆ ಲೆಕ್ಕ ಬಂದು ಬೀಳುತ್ತದೆ. ಹವಾಮಾನ ಆಧಾರಿತ ತೋಟಗಾರಿಕೆ ವಿಮೆ ಇಂಥ ಅಂಕಿಗಳ ಮೇಲೆಯೇ ನಿಂತಿದೆ.

ರಾಗಿಯ ದಾರಿ ಬೇರೆ. ಪ್ರಧಾನಮಂತ್ರಿ ಫಸಲ್ ಬಿಮಾ ಯೋಜನೆಯಲ್ಲಿ ಮುಂಗಾರು ಆಹಾರ ಬೆಳೆಗೆ ರೈತ ಕಟ್ಟುವುದು ವಿಮಾ ಮೊತ್ತದ 2%. ಪರಿಹಾರ ನಿರ್ಧಾರವಾಗುವುದು ಬೆಳೆ ಕಟಾವು ಪ್ರಯೋಗದಲ್ಲಿ. ಕಾರ್ತಿಕ ಕಳೆದ ಹೊತ್ತಿಗೆ ದೇವನಹಳ್ಳಿ, ಹೊಸಕೋಟೆಯ ಹೊಲಗಳಲ್ಲಿ ಟೇಪು, ಗೂಟ, ಹಗ್ಗ ಹಿಡಿದು ನಿಂತ ಸಿಬ್ಬಂದಿಯನ್ನು ನೀವು ನೋಡಿರಬಹುದು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಸಾಕು, ಆದರೆ ಹೊಲ ಅನ್ನದ ಹಾಗೆ ಎಲ್ಲ ಕಡೆ ಒಂದೇ ಹದಕ್ಕೆ ಬೇಯುವುದಿಲ್ಲ. ಅದಕ್ಕೇ ಯಾವ ಸರ್ವೆ ನಂಬರು, ಹೊಲದ ಯಾವ ಜಾಗ ಎಂಬುದನ್ನು ಯಾರ ಇಷ್ಟಕ್ಕೂ ಬಿಡದೆ ಯಾದೃಚ್ಛಿಕ ಅಂಕಿಗಳಿಂದ ಆರಿಸುತ್ತಾರೆ. ಪಂಚಾಯಿತಿಯ ಮುಖ್ಯ ಬೆಳೆಗೆ ಕನಿಷ್ಠ ನಾಲ್ಕು ಪ್ರಯೋಗ. ಐದು ಮೀಟರು ಉದ್ದ, ಐದು ಮೀಟರು ಅಗಲ. ಕೊಯ್ದು, ಬಡಿದು, ತೂಗಿದ ಆ ರಾಗಿಯ ಸರಾಸರಿಯೇ ಇಡೀ ಪಂಚಾಯಿತಿಯ ಇಳುವರಿ. ಹಿಂದಿನ ಏಳು ವರ್ಷಗಳಲ್ಲಿ ಒಳ್ಳೆಯ ಐದು ವರ್ಷದ ಸರಾಸರಿಯಿಂದ ಲೆಕ್ಕ ಹಾಕಿದ ಮಿತಿಗಿಂತ ಇದು ಕಡಿಮೆಯಾದರೆ ಎಲ್ಲರಿಗೂ ಪರಿಹಾರ. 1920ರ ದಶಕದಲ್ಲಿ ಬಿಹಾರ-ಒರಿಸ್ಸಾದ ಗದ್ದೆಗಳಲ್ಲಿ ಹಬ್ಬ್ಯಾಕ್ ಎಂಬ ಅಧಿಕಾರಿ ಶುರುಮಾಡಿ, ಸಂಖ್ಯಾಶಾಸ್ತ್ರಜ್ಞರಾದ ಮಹಾಲನೋಬಿಸ್ ಮತ್ತು ಸುಖಾತ್ಮೆ ಜಗಳವಾಡುತ್ತಲೇ ಬೆಳೆಸಿದ ವಿಜ್ಞಾನ, ಆ ಹಗ್ಗದ ಚೌಕಟ್ಟಿನೊಳಗೆ ತೆನೆಯಾಗಿ ನಿಂತಿರುತ್ತದೆ! ಚೌಕಟ್ಟು ಬಿದ್ದ ಜಾಗದಲ್ಲಿ ಬೆಳೆ ಚೆನ್ನಾಗಿದ್ದು ತನ್ನ ಹೊಲ ಮಾತ್ರ ಒಣಗಿದ್ದರೆ ರೈತನಿಗೆ ಹೊಟ್ಟೆ ಉರಿಯುವುದೂ ಅಷ್ಟೇ ನಿಜ. ಪದ್ಧತಿ ಸರಿಯಿದ್ದೂ ಒಬ್ಬನ ಪಾಲಿಗೆ ತಪ್ಪಾಗಬಹುದು.

ವಿಮೆ ಬೆಳೆಗಷ್ಟೇ ಅಲ್ಲ, ಆರೋಗ್ಯಕ್ಕೂ ಇದೆ. ಅಲ್ಲಿ ಗಡಿಗೆರೆಯೊಂದು ಸಂಶೋಧನೆಯಾದ ಕಥೆಯನ್ನು ಹೇಳದೆ ಬಿಡಲಾರೆ. 2010ರ ಫೆಬ್ರವರಿಯಲ್ಲಿ ವಾಜಪೇಯಿ ಆರೋಗ್ಯಶ್ರೀ ಎಂಬ ಸರ್ಕಾರಿ ಯೋಜನೆ ಮೊದಲು ಬಂದದ್ದು ಉತ್ತರ ಕರ್ನಾಟಕಕ್ಕೆ. ನೆಲಮಂಗಲ, ದೇವನಹಳ್ಳಿಗಳೂ ಸೇರಿದ ದಕ್ಷಿಣದ ವಿಭಾಗಗಳು ಕಾಯಬೇಕಿತ್ತು, 2012ರವರೆಗೂ. ಗಡಿಯ ಆಚೆ ಒಂದು ಹಳ್ಳಿ, ಈಚೆ ಒಂದು ಹಳ್ಳಿ. ಮಾತು, ಬೆಳೆ, ಬಡತನ ಎಲ್ಲ ಒಂದೇ. ಒಂದು ಕಡೆ ಬಿಪಿಎಲ್ ಕುಟುಂಬಕ್ಕೆ ಹೃದಯದ ಶಸ್ತ್ರಚಿಕಿತ್ಸೆ, ಕ್ಯಾನ್ಸರ್ ಚಿಕಿತ್ಸೆ ಉಚಿತ, ಇನ್ನೊಂದು ಕಡೆ ಇಲ್ಲ. ನೀರಜ್ ಸೂದ್ ಮತ್ತು ಸಂಗಡಿಗರು ಆ ಗಡಿಯ ಎರಡೂ ಬದಿಯ 572 ಹಳ್ಳಿಗಳಲ್ಲಿ ಸುಮಾರು 60,000 ಮನೆಗಳ ಲೆಕ್ಕ ತೆಗೆದರು. ಯೋಜನೆಯಡಿ ಚಿಕಿತ್ಸೆ ಸಿಗುತ್ತಿದ್ದ ಕಾಯಿಲೆಗಳಿಂದ ಆದ ಸಾವು ಯೋಜನೆ ಇದ್ದ ಬದಿಯ ಬಡ ಕುಟುಂಬಗಳಲ್ಲಿ 0.32%, ಇಲ್ಲದ ಬದಿಯಲ್ಲಿ 0.90%. ಅಂದರೆ 64% ಕಡಿಮೆ! ನಿಜಕ್ಕೂ ಯೋಜನೆಯದೇ ಪ್ರಭಾವವೋ, ಉತ್ತರದ ಗಾಳಿಯೇ ಒಳ್ಳೆಯದೋ? ಯೋಜನೆಗೆ ಸೇರದ ಎಪಿಎಲ್ ಮನೆಗಳನ್ನು ಹೋಲಿಸಿ ನೋಡಿದರು, ಅಲ್ಲಿ ಎರಡು ಬದಿಗೂ ವ್ಯತ್ಯಾಸವಿಲ್ಲ. 2014ರಲ್ಲಿ ‘ಬ್ರಿಟಿಷ್ ಮೆಡಿಕಲ್ ಜರ್ನಲ್’ನಲ್ಲಿ ಇದು ಪ್ರಕಟವಾಯಿತು.

ಅತಿಯಾಗಿ ಕುಣಿಯಬಾರದು ಎನ್ನಲು ಇನ್ನೊಂದು ಅಧ್ಯಯನವಿದೆ. ಅನೂಪ್ ಮಲಾನಿ ಮತ್ತು ಸಂಗಡಿಗರು 2015ರಿಂದ 2018ರವರೆಗೆ ಕರ್ನಾಟಕದ 435 ಹಳ್ಳಿಗಳ 10,879 ಮನೆಗಳಲ್ಲಿ ರಾಷ್ಟ್ರೀಯ ಸ್ವಾಸ್ಥ್ಯ ಬಿಮಾ ಕಾರ್ಡನ್ನು ಲಾಟರಿ ಪ್ರಕಾರ ಕೊಟ್ಟು ನೋಡಿದರು. ಪೂರ್ತಿ ಬೆಲೆಗೆ ಕೊಡುತ್ತೇವೆಂದಾಗಲೂ ಸುಮಾರು 60% ಮನೆಯವರು ಕೊಂಡರು. ಆದರೆ ಆಸ್ಪತ್ರೆಯಲ್ಲಿ ಕಾರ್ಡು ಬಳಸಲು ಹೋಗಿ ಆಗದೆ ವಾಪಸಾದವರು ಬಹಳ. ಆರೋಗ್ಯದಲ್ಲಿ ಗಮನಾರ್ಹ ಸುಧಾರಣೆ ಕಾಣಲಿಲ್ಲ. ಜೀವ ತೆಗೆಯುವ ದೊಡ್ಡ ಕಾಯಿಲೆಗೆಂದೇ ಇದ್ದ ಯೋಜನೆಗೂ, ವರ್ಷಕ್ಕೆ 30,000 ರೂಪಾಯಿಯ ಸಾಮಾನ್ಯ ಕಾರ್ಡಿಗೂ ಇರುವ ಅಂತರ ಇದರಲ್ಲಿದೆ ಎಂದು ನನ್ನ ಊಹೆ.

ಇದರಲ್ಲಿ ಬಹುಪಾಲು ನಮ್ಮ ನೆಲದಲ್ಲೇ ಕೇಳಿ, ಅಳೆದು, ತೂಗಿ ಕಂಡುಕೊಂಡದ್ದು. ಕೇಳಿದ್ದು ಕನ್ನಡದಲ್ಲಿ, ಬರೆದದ್ದು ಇಂಗ್ಲಿಷಿನಲ್ಲಿ. ಉತ್ತರ ಕೊಟ್ಟವರ ಮನೆಗೆ ಅದು ಕನ್ನಡದಲ್ಲಿ ಇನ್ನೂ ಮರಳಬೇಕಿದೆ. 75 ಹಳ್ಳಿಗಳ ಪಟದ ಮೂಲ ಮಾಹಿತಿ ಹಾರ್ವರ್ಡ್ ವಿಶ್ವವಿದ್ಯಾಲಯದ ಡೇಟಾವರ್ಸ್‌ನಲ್ಲಿ ಎಲ್ಲರಿಗೂ ಮುಕ್ತವಾಗಿದೆ, ಕಾಸು ಕೊಡಬೇಕಿಲ್ಲ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲದ ಪದವಿ ಕಾಲೇಜುಗಳ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರದ ಮಕ್ಕಳೇ, ಇಳಿಸಿಕೊಂಡು ನೋಡಿ. ಆ ಚುಕ್ಕಿಗಳು ಎಂಥ ಮನೆಗಳು, ಆ ಗೆರೆಗಳು ಏಕೆ ಅಲ್ಲಿವೆ ಎಂದು ದೂರದ ವಿಶ್ವವಿದ್ಯಾಲಯಗಳಲ್ಲಿ ಕೂತವರಿಗಿಂತ ನಿಮಗೆ ಚೆನ್ನಾಗಿ ಅರ್ಥವಾಗುತ್ತದೆ. ಬರೆಯಿರಿ, ಕನ್ನಡದಲ್ಲೇ ಬರೆಯಿರಿ.